ಭಾವನ ಬ್ಯಾಟರಿ ಮತ್ತು ಅಕ್ಕನ ಭುಜ

ನಮ್ಮ ಭಾವನವರಿಗೆ ಮಾತ್ರ ಯಾವ ಕೆಲಸವನ್ನೂ ಹೇಳಬಾರದು! ಹೇಳಿದರೆ ಮಾಡುವುದಿಲ್ಲ ಎಂದಲ್ಲ. ಮಾಡುತ್ತಾರೆ, ಅದೇ ತಾಪತ್ರಯ.

ಭಾವನವರೆಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ. ಊರು ಗದಗ. ಒಮಾನಿನ ಸೊಹಾರಿನಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರು. ನಾವು ಅದೇ ಕಟ್ಟಡದಲ್ಲಿ, ಅವರ ತಲೆಯ ಮೇಲಿನ ಫ್ಲ್ಯಾಟಿನಲ್ಲಿದ್ದೆವು. ಹೀಗಾಗಿ ಭಾವನವರು ಹೊಸದೇನೋ ಶುರು ಹಚ್ಚಿದ್ದಾರೆ ಎಂಬ ಸುದ್ದಿ ನಮಗೆ ಮೊದಲು ಡ್ರಿಲ್ಲಿನ ಸದ್ದಾಗಿ ಬರುತ್ತಿತ್ತು, ಆಮೇಲೆ ಸುಟ್ಟ ವಾಸನೆಯಾಗಿ.

ಒಮ್ಮೆ ಅಕ್ಕ, "ಮಿಕ್ಸರ್ ಯಾಕೋ ಗರ್ ಅನ್ನಲಿಕ್ಕತ್ತದ, ಒಂಚೂರು ನೋಡ್ರಿ" ಎಂದಳು. ಪಾಪ, ಬಾಯಿತಪ್ಪಿ ಅಂದಳು. ಸಂಜೆಯ ಹೊತ್ತಿಗೆ ಮಿಕ್ಸರಿನ ಕರುಳೆಲ್ಲ ಊಟದ ಮೇಜಿನ ಮೇಲಿತ್ತು. ಮರುದಿನ, ಹೋಲಿಸಿ ನೋಡಬೇಕೆಂದು ನಮ್ಮ ಮನೆಯ ಮಿಕ್ಸರನ್ನೂ ಒಯ್ದು ಬಿಚ್ಚಿದರು! ಆ ವಾರವೆಲ್ಲ ಎರಡೂ ಮನೆಯವರು ಚಪಾತಿಗೆ ಬರೀ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಕಡೆಗೆ ಪತ್ತೆಯಾದದ್ದೇನು? ಜಾರಿನ ಕೆಳಗೆ ಒಂದು ಕೊಬ್ಬರಿ ಚೂರು.

ಇಂಥವರ ಕೈಗೆ ಅಕ್ಕನ ಭುಜ ಸಿಕ್ಕಿತು.

ಆದದ್ದಿಷ್ಟು. ಒಮಾನೆಲ್ಲ ಬಾಣಲೆಯ ಹಾಗೆ ಕಾದಿರುವಾಗ ದಕ್ಷಿಣದ ಸಲಾಲಾದಲ್ಲಿ ಮಾತ್ರ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಆ ವರ್ಷ ಮಳೆ ನೋಡುವ ಹಂಬಲಕ್ಕೆ ಎರಡೂ ಮನೆಯವರು ದೇಶದ ಈ ತುದಿಯಿಂದ ಆ ತುದಿಗೆ ಕಾರು ಓಡಿಸಿಕೊಂಡು ಹೋದೆವು. ಹಸಿರು ಗುಡ್ಡ ಕಂಡದ್ದೇ ತಡ, ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ವರ್ಷಗಟ್ಟಲೆ ಮರಳಿನ ಮೇಲೆ ನಡೆದವಳಿಗೆ ಕೆಸರು ಜಾರುತ್ತದೆ ಎನ್ನುವುದೇ ಮರೆತುಹೋಗಿತ್ತು! ಬಲ ಭುಜದ ಮೇಲೆ ಬಿದ್ದಳು. ಎಲುಬು ಬಿರುಕು ಬಿಟ್ಟಿತ್ತು.

ಎಲುಬೇನೋ ಕೂಡಿತು. ಆದರೆ ಕೊರಳಿಗೆ ಕಟ್ಟಿದ ಜೋಳಿಗೆಯಿಂದ ಹೊರಬಂದ ಕೈ ಎದೆಯಿಂದ ಮೇಲೆ ಏಳಲೊಲ್ಲದು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಮಲಯಾಳಿ ಹೆಂಗಸು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು: ದಿನಾಲೂ ಕೈ ಎತ್ತಬೇಕು, ನೋವಾದರೂ ಎತ್ತಬೇಕು, ಇಲ್ಲವಾದರೆ ಕೀಲು ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಚಳಿಗಾಲದವರೆಗೆ ನೋಡೋಣ, ಆಗಲೂ ಮೊಣಕೈ ಭುಜದ ಮಟ್ಟ ದಾಟದಿದ್ದರೆ ಪ್ರಜ್ಞೆ ತಪ್ಪುವ ಔಷಧ ಕೊಟ್ಟು, ಡಾಕ್ಟರೇ ಹಿಡಿದು ಎಳೆಯಬೇಕಾಗುತ್ತದೆ.

"ಎಳೀತಾರಂತ! ನಾನೇನು ಬಾವಿ ಹಗ್ಗೇನು?" ಎಂದು ಅಕ್ಕ ಮನೆಗೆ ಬಂದು ಅತ್ತಳು. ಅತ್ತಳೇ ಹೊರತು ಕೈ ಎತ್ತಲಿಲ್ಲ. ಎತ್ತಿದರೆ ಜೀವ ಹೋಗುವಷ್ಟು ನೋವು. ಎತ್ತದಿದ್ದರೆ ಕೈ ಹೋಗುತ್ತದೆ. ನೋಡುತ್ತಾ ಕೂತ ನಮಗೂ ಊಟ ರುಚಿಸುತ್ತಿರಲಿಲ್ಲ.

ಭಾವನವರು ಕಾರ್ಯಾಚರಣೆಗೆ ಇಳಿದರು. ಬಾಗಿಲ ಚೌಕಟ್ಟಿಗೆ ಒಂದು ರಾಟೆ ಹೊಡೆದು, ಹಗ್ಗ ಇಳಿಬಿಟ್ಟು, "ಎಡಗೈಲೆ ಜಗ್ಗು, ಬಲಗೈ ತಾನೇ ಮ್ಯಾಲೆ ಹೋಗ್ತದ" ಎಂದರು. ಅಕ್ಕ ಆ ಹಗ್ಗಕ್ಕೆ ಒದ್ದೆ ಟವೆಲ್ ಹರವಿದಳು. ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಬೆರಳಿನಿಂದ ಗೋಡೆ ಹತ್ತು ಎಂದರು. ಅಕ್ಕ ಅಲ್ಲಿ ಕ್ಯಾಲೆಂಡರ್ ತೂಗುಹಾಕಿದಳು. ಹಟದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಮೇಲು!

ಹೀಗಿರುವಾಗ ಒಂದು ಶುಕ್ರವಾರ ವಾದಿಗೆ ಹೋದೆವು. ವಾದಿ ಎಂದರೆ ಒಣಗಿದ ಹೊಳೆ. ಬರೀ ಕಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳಿನ ಗಿಡ, ನಮ್ಮ ಚಿತ್ರಾನ್ನಕ್ಕೆ ಕಾದು ನಿಂತ ಆಡುಗಳು. ಭಾವನವರ ಕೈಕೆಳಗಿನ ಫಿಲಿಪಿನೋ ಟೆಕ್ನಿಷಿಯನ್ ಒಬ್ಬ ಅಲ್ಲಿಗೆ ಬಂದಿದ್ದ. ಅವನ ಕೈಯಲ್ಲಿ ಬಂದೂಕು! ನಾನು ಹೌಹಾರಿದೆ. ಆಟಿಕೆಯಂತೆ. ನೋಡಲು ಥೇಟ್ ನಿಜದ್ದು, ಒಳಗೆ ಮೋಟಾರು, ಗಿಯರು, ಬ್ಯಾಟರಿ. ಕುದುರೆ, ಅಂದರೆ ಟ್ರಿಗರು, ಒತ್ತಿದರೆ ಟರ್ ಎಂದು ಕಾಳಿನಷ್ಟು ಪ್ಲಾಸ್ಟಿಕ್ ಗುಂಡು ಹಾರುತ್ತದೆ. ಏರ್‌ಸಾಫ್ಟ್ ಎನ್ನುತ್ತಾರೆ. ಅವನು ಖಾಲಿ ಡಬ್ಬಿಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟು, ಎಲ್ಲರ ಕಣ್ಣಿಗೂ ಕನ್ನಡಕ ಹಾಕಿಸಿ ಹೊಡೆಯುತ್ತಿದ್ದ.

"ನನಗೂ ಒಂದು ಸಲ ಕೊಡ್ರಿ ಅದನ್ನ" ಎಂದಳು ಅಕ್ಕ. ಹೌದು, ನಮ್ಮ ಅಕ್ಕ! ಬಂದೂಕು ಉದ್ದ, ಹಿಂಬದಿಯ ದಿಮ್ಮಿಯೊಳಗೆ ಇಟ್ಟಿಗೆಯಂಥ ಬ್ಯಾಟರಿ. ಬಲಗೈ ಏಳಲೇ ಇಲ್ಲ. ಸೊಂಟಕ್ಕೆ ಆನಿಸಿ, ಎಡಗೈಯಿಂದಲೇ ಕುದುರೆ ಒತ್ತಿದಳು. ಟಣ್! ಒಂದು ಡಬ್ಬಿ ಉರುಳಿತು. ಅಕ್ಕ ನಕ್ಕಳು. ಬಿದ್ದ ದಿನದಿಂದ ಆವರೆಗೆ ಅವಳು ನಕ್ಕಿರಲೇ ಇಲ್ಲ. ಭಾವನವರು ಅವಳ ಮುಖ ನೋಡಿದರು, ಬಂದೂಕು ನೋಡಿದರು, ಮತ್ತೆ ಅವಳ ಮುಖ ನೋಡಿದರು. ನನಗೆ ಆಗಲೇ ಡ್ರಿಲ್ಲಿನ ಸದ್ದು ಕೇಳಿಸಿತು.

ಟೆಕ್ನಿಷಿಯನ್ನನ ಹತ್ತಿರ ಇನ್ನೊಂದು ಗಿಡ್ಡ ಬಂದೂಕಿತ್ತು, ಹಗುರ, ಆದರೆ ಬ್ಯಾಟರಿ ಸತ್ತು ಮೂಲೆಗೆ ಬಿದ್ದದ್ದು. ಭಾವನವರು ಅದನ್ನು ಬೇಡಿ ಇಸಿದುಕೊಂಡು ಬಂದರು. ದಾರಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಟಿಫಿನ್ ಡಬ್ಬಿ, ನೀರಿನ ಬಾಟಲಿ, ಬಂದೂಕು! ಅಕ್ಕ ರಾಯರ ಸ್ತೋತ್ರ ಶುರು ಮಾಡಿದಳು. ಎಳೆ ವಯಸ್ಸಿನ ಪೊಲೀಸ್ ಅದನ್ನು ಎತ್ತಿ, ತಿರುಗಿಸಿ, ನೆಲಕ್ಕೆ ಗುರಿಯಿಟ್ಟು ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಊಹೂಂ. "ಖರ್ಬಾನ್!" ಎಂದು ನಕ್ಕ. ಕೆಟ್ಟುಹೋಗಿದೆ ಎಂದರ್ಥ. ಡಿಕ್ಕಿಯಲ್ಲಿ ಮುಚ್ಚಿಡಿ, ರಸ್ತೆಯಲ್ಲಿ ಯಾರಿಗೂ ತೋರಿಸಬೇಡಿ ಎಂದು ಬುದ್ಧಿ ಹೇಳಿ, "ಯಲ್ಲಾ, ಹೋಗಿ" ಎಂದ. ನಾವು ಬದುಕಿದೆವು ಎಂದು ಉಸಿರು ಬಿಟ್ಟರೆ ಭಾವನವರ ಮುಖ ಕೆಂಪಾಗಿತ್ತು.

"ಖರ್ಬಾನ್ ಅಂತ! ನನ್ನ ಕೈಯಾಗಿನ ಸಾಮಾನಿಗೆ ಖರ್ಬಾನ್ ಅಂತಾನ!"

"ಅದು ಖರ್ಬಾನ್ ಇದ್ದದ್ದಕ್ಕ ನೀವು ಮನೀಗೆ ಹೊಂಟೀರಿ. ಸುಮ್ನ ಗಾಡಿ ಹೊಡೀರಿ" ಎಂದಳು ಅಕ್ಕ.

ಅಲ್ಲಿಂದ ಶುರುವಾಯಿತು ನೋಡಿ ಬ್ಯಾಟರಿ ಪುರಾಣ. ಆ ಗಿಡ್ಡ ಬಂದೂಕಿನಲ್ಲಿ ಬ್ಯಾಟರಿಗೆ ಇರುವ ಜಾಗವೇ ಇಷ್ಟಗಲ. ಮುಂದಿನ ಕೈ ಹಿಡಿಯುವ ಕಡೆ, ನಳಿಗೆಯ ಸುತ್ತ, ಎರಡು ಬೆಂಡೆಕಾಯಿ ತುರುಕಬಹುದು. ಹಳೆಯ ಮಾದರಿಯ ಬ್ಯಾಟರಿ ಹಾಕಬೇಕೆಂದರೆ ಚೀಲ ಕಟ್ಟಿ ಹೊರಗೆ ನೇತುಹಾಕಬೇಕು. ಆಗ ಮತ್ತೆ ಭಾರ, ಮತ್ತೆ ಅಕ್ಕನ ಕೈ ಏಳದು. ಆದ್ದರಿಂದ ಲಿಥಿಯಂ ಪಾಲಿಮರ್ ಬ್ಯಾಟರಿಯೇ ಆಗಬೇಕು, ಅದು ಬಿಸ್ಕತ್ತಿನಷ್ಟು ತೆಳು, ಹೂವಿನಷ್ಟು ಹಗುರ ಎಂದು ಭಾವನವರು ತೀರ್ಪು ಕೊಟ್ಟರು. ದುಬೈಗೆ ಹೋಗುವವರ ಕೈಲಿ, ಆಟಿಕೆ ವಿಮಾನ ಹಾರಿಸುವವರ ಅಂಗಡಿಯಿಂದ ತರಿಸಿದರು.

ಬಂತು. ಬೆಳ್ಳಿ ಹಾಳೆ ಸುತ್ತಿದ ಮೆತ್ತಗಿನ ಪೊಟ್ಟಣ. ಅಬ್ಬಬ್ಬಾ, ಅದರ ಪಥ್ಯವೇ! ಬಾಣಂತಿಗೂ ಅಷ್ಟಿಲ್ಲ. ಚುಚ್ಚಬಾರದು, ಮಡಚಬಾರದು, ಹೆಚ್ಚು ಚಾರ್ಜು ಮಾಡಬಾರದು, ಪೂರ್ತಿ ಖಾಲಿಯಾಗಲು ಬಿಡಬಾರದು, ಬಿಸಿಲಿಗೆ ಇಡಬಾರದು. ಸಿಟ್ಟು ಬಂದರೆ ಬೆಂಕಿ ಹೊತ್ತಿಕೊಳ್ಳುತ್ತದಂತೆ! ಚಾರ್ಜು ಮಾಡಲು ಅಕ್ಕ ಮೊಸರು ಹೆಪ್ಪು ಹಾಕುತ್ತಿದ್ದ ಮಣ್ಣಿನ ಗಡಿಗೆಯನ್ನೇ ಎತ್ತಿಕೊಂಡರು. ಪಕ್ಕದಲ್ಲಿ ಒಂದು ಬಕೆಟ್ ಮರಳು. ಒಮಾನಿನಲ್ಲಿ ಮರಳಿಗೇನು ಬರವೇ? ಆದರೂ ಭಾವನವರು ಅದನ್ನು ಅಕ್ಕನ ಹಿಟ್ಟಿನ ಜರಡಿಯಲ್ಲಿ ಸೋಸಿದರು. ಚಾರ್ಜು ಮುಗಿಯುವವರೆಗೆ ಸ್ಟೂಲು ಹಾಕಿಕೊಂಡು ಗಡಿಗೆಯ ಮುಂದೆ ಕೂತಿರುತ್ತಿದ್ದರು. ಕಾರಿನಲ್ಲಿ ಒಯ್ಯುವಾಗ ಅದಕ್ಕೆ ಐಸಿನ ಡಬ್ಬಿ ಬೇರೆ!

"ನನ್ನ ಭುಜ ಸುಡ್ಲಿಕ್ಕತ್ತದ ಅಂದ್ರ ಒಂದು ಮಾತಿಲ್ಲ. ಅದಕ್ಕ ನೋಡು, ತಂಪಿನ ಪೆಟ್ಟಿಗಿ!" ಎಂದು ಅಕ್ಕ ನನ್ನೆದುರು ಗೋಳು ಹೇಳಿಕೊಂಡಳು.

ಬಂದೂಕಿಗೆ ಹೊಂದಿಸುವ ದಿನ ಬಂತು. ಭಾವನವರು ವರ್ನಿಯರ್ ಹಿಡಿದು ಬ್ಯಾಟರಿಯ ಉದ್ದ, ಅಗಲ, ದಪ್ಪ, ಜಾಗದ ಉದ್ದ, ಅಗಲ, ಆಳ, ಎಲ್ಲ ಅಳೆದದ್ದೇ ಅಳೆದದ್ದು. ಸರಿಯಾಗಿ ಕೂತಿತು. ನಮ್ಮನ್ನೆಲ್ಲ ಕರೆದು ತೋರಿಸಿದರು. ಹೆಮ್ಮೆಯಿಂದ ಮುಚ್ಚಳ ಹಾಕಲು ಹೋದರು. ಮುಚ್ಚಳ ಕೂರಲಿಲ್ಲ. ಯಾಕೆ? ಬ್ಯಾಟರಿಗೆ ವಯರು ಇರುತ್ತದಲ್ಲ! ವಯರಿನ ಅಳತೆ ಮರೆತುಬಿಟ್ಟಿದ್ದರು. ಬಿಡುವ ಆಸಾಮಿಯೇ? ಅದುಮಿದರು. ಒಳಗೆ ವಯರು ಎಲ್ಲೋ ಕಚ್ಚಿಕೊಂಡಿತು. ನೋಡನೋಡುತ್ತಿದ್ದಂತೆ ಬ್ಯಾಟರಿ ಪೂರಿಯ ಹಾಗೆ ಉಬ್ಬತೊಡಗಿತು!

"ಎಲ್ಲಾರೂ ಹಿಂದ ಸರೀರಿ!" ಎಂದು ಕೂಗಿ, ರೊಟ್ಟಿಯ ಇಕ್ಕಳದಲ್ಲಿ ಅದನ್ನು ಹಿಡಿದು, ಬಾಲ್ಕನಿಗೆ ಓಡಿ ಮರಳಿನಲ್ಲಿ ಹುಗಿದರು. ಬೆಂಕಿ ಹತ್ತಲಿಲ್ಲ, ದೇವರು ದೊಡ್ಡವನು. ಆದರೆ ನನಗೆ ಹತ್ತಿತು. ಚಳಿಗಾಲ ಹತ್ತಿರ ಬಂದಿತ್ತು, ಅಕ್ಕನ ಕೈ ಇದ್ದಲ್ಲೇ ಇತ್ತು, ಈ ಮನುಷ್ಯ ಬ್ಯಾಟರಿಗೆ ಸೂತಕ ಆಚರಿಸುತ್ತಾ ನಿಂತಿದ್ದಾರೆ!

"ಅಲ್ರೀ ಭಾವ, ಅಕ್ಕನ ಕೈಗೆ ಅಂತ ಬ್ಯಾಟರಿ ತಂದ್ರೋ, ಬ್ಯಾಟರಿ ಆಟಕ್ಕ ಅಂತ ಅಕ್ಕನ ಕೈ ನೆಪ ಮಾಡ್ಕೊಂಡ್ರೋ?" ಎಂದು ಕೇಳಿಯೇಬಿಟ್ಟೆ. ಅವರು ಬಕೆಟ್ಟನ್ನೇ ನೋಡುತ್ತಾ ನಿಂತರು. ಬೈದ ಮೇಲೆ ನನಗೇ ಕಸಿವಿಸಿಯಾಯಿತು.

ಅವರನ್ನು ಪಾರು ಮಾಡಿದವಳು ಅಕ್ಕ. ಗಲ್ಫಿನ ಗೃಹಿಣಿಯರಿಗೆ ಒಂದು ವಿದ್ಯೆ ಸಿದ್ಧಿಸಿರುತ್ತದೆ: ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಸೂಟ್‌ಕೇಸ್ ತುಂಬುವುದು. ಅತ್ತೆಗೆ ಬಾದಾಮಿ, ನಾದಿನಿಗೆ ಸೆಂಟು, ಇನ್ಯಾರಿಗೋ ಕಂಬಳಿ, ಹಾಲಿನ ಪುಡಿ ಡಬ್ಬಿ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ಏರ್‌ಪೋರ್ಟಿನ ತಕ್ಕಡಿ ತುಟಿಪಿಟಕ್ ಎನ್ನದ ಹಾಗೆ. ಅದರಲ್ಲಿ ಅಕ್ಕ ಇಡೀ ಸೊಹಾರಿಗೇ ಹೆಸರುವಾಸಿ. ಊಟಕ್ಕೆ ಬಡಿಸುತ್ತಾ, ಬಿಚ್ಚಿಟ್ಟ ಬಂದೂಕಿನ ಕಡೆ ಕಣ್ಣಾಡಿಸಿ, "ಅಲ್ರೀ, ಬೂಟು ಹ್ಯಾಂಗ ಇಡ್ತಾರ ಸೂಟ್‌ಕೇಸಿನ್ಯಾಗ?" ಎಂದಳು.

"ಬೂಟಿನ ಮಾತು ಯಾಕ ಈಗ?"

"ಎರಡೂ ಕೂಡಿಸಿ ಒಂದೇ ಕಡೆ ಇಟ್ರ ಮುಚ್ಚಳ ಏಳ್ತದ. ಈ ಬದಿಗೊಂದು, ಆ ಬದಿಗೊಂದು ಇಟ್ಟು ನಡಬರಕ ಕಾಲಚೀಲ ತುರುಕಬೇಕು. ನಿಮ್ಮ ಬ್ಯಾಟರಿ ಎರಡು ತುಂಡು ಮಾಡಿದ್ದು ಸಿಗೂದಿಲ್ಲೇನು?"

ಭಾವನವರು ಕೈಯಲ್ಲಿದ್ದ ತುತ್ತನ್ನು ಹಾಗೇ ತಟ್ಟೆಗಿಟ್ಟು ಎದ್ದರು. ಹುಡುಕಿದರೆ ಸಿಗುತ್ತಿತ್ತು! ಎರಡು ತೆಳು ಕಡ್ಡಿಯಂಥವು, ನಡುವೆ ವಯರಿನ ಕೊಂಡಿ. ಅದು ಬಂದಾಗ ನಳಿಗೆಯ ಎಡಕ್ಕೊಂದು ಬಲಕ್ಕೊಂದು ಜಾರಿ ಕೂತವು, ವಯರು ನಡುವಿನ ಸಂದಿಯಲ್ಲಿ ಮಲಗಿತು, ಮುಚ್ಚಳ ಟಕ್ಕೆಂದು ಹಾಕಿಕೊಂಡಿತು. ಟೆಕ್ನಿಷಿಯನ್, "ಸರ್, ಇನ್ನೂ ಜೋರಿನ ಬ್ಯಾಟರಿ ಹಾಕಿ, ಗುಂಡಿನ ಮಳೆ ಸುರಿಯುತ್ತದೆ" ಎಂದು ಆಸೆ ಹಚ್ಚಿದ. ಮಿಕ್ಸರ್ ಬಿಚ್ಚುವ ಭಾವನವರು ಒಪ್ಪಲೇಬೇಕಲ್ಲ? ಇಲ್ಲ! "ಗಿಯರಿನ ಹಲ್ಲು ಹೋಗ್ತಾವ. ಅದೂ ಅಲ್ಲದ ಭಾರ ಆಗ್ತದ" ಎಂದು ತಲೆ ಅಲ್ಲಾಡಿಸಿಬಿಟ್ಟರು. ನನಗೆ ಆಶ್ಚರ್ಯವಾಯಿತು. ಆಮೇಲೆ ಬಂದೂಕನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರು, ಹಿಂಬದಿಯ ಒಂದು ಕಬ್ಬಿಣದ ಕೊಂಡಿ ತೆಗೆದು ಮತ್ತೆ ತೂಗಿದರು.

ಮುಂದಿನ ವಾರ ಆಸ್ಪತ್ರೆಗೆ ಹೋಗುವುದಿತ್ತು. ಎಳೆಯಬೇಕೋ ಬೇಡವೋ ಅಂದೇ ತೀರ್ಮಾನ. ಅದಕ್ಕೆ ಮೊದಲಿನ ಶುಕ್ರವಾರ ವಾದಿಗೆ ಹೋದೆವು. ಅಕ್ಕನ ಮುಖ ಬಾಡಿತ್ತು. ಭಾವನವರು ನಮಗೆಲ್ಲ ಕನ್ನಡಕ ಹಂಚಿ, ಡಬ್ಬಿಗಳನ್ನು ಹೊತ್ತುಕೊಂಡು ಹೋಗಿ ಇಟ್ಟುಬಂದರು. ಮೊದಲನೆಯದು ನೆಲದ ಮೇಲೆ. ಆಮೇಲಿನದು ಮೊಣಕಾಲೆತ್ತರದ ಕಲ್ಲಿನ ಮೇಲೆ. ಇನ್ನೊಂದು ಬಂಡೆಯ ಮೇಲೆ. ಕಡೆಯದನ್ನು ದಾರ ಕಟ್ಟಿ ಗಿಡದ ಕೊಂಬೆಗೆ ತೂಗುಹಾಕಿದರು. ಇದೆಂಥ ಅಡ್ಡಾದಿಡ್ಡಿ ಜೋಡಣೆ ಎಂದು ನಾನು ಮೂಗು ಮುರಿದೆ.

ಅಕ್ಕ ಬಲಗೈಯಲ್ಲೇ ಹಿಡಿದಳು, ಎಡಗೈಯ ಆಸರೆ ಕೊಟ್ಟಳು. ಟರ್! ನೆಲದ ಡಬ್ಬಿ ಉರುಳಿತು. ಟರ್! ಕಲ್ಲಿನದೂ ಉರುಳಿತು. ನಾವು ಚಪ್ಪಾಳೆ ಹೊಡೆದೆವು. ಬಂಡೆಯ ಡಬ್ಬಿಗೆ ಎರಡು ಮೂರು ಸಲ ಬೇಕಾಯಿತು. "ಅಯ್ಯಯ್ಯ, ನೋಯ್ತದ್ರೀ" ಎನ್ನುತ್ತಲೇ ಅದನ್ನೂ ಬೀಳಿಸಿದಳು. ಇನ್ನುಳಿದದ್ದು ಕೊಂಬೆಯದು. ಗಾಳಿಗೆ ತೂಗಾಡುತ್ತಿತ್ತು. ಅಕ್ಕ ಹಲ್ಲುಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಬಂದೂಕನ್ನು ಮೇಲೆ, ಇನ್ನೂ ಮೇಲೆ ಒಯ್ದಳು. ನಾವೆಲ್ಲ ಡಬ್ಬಿಯನ್ನೇ ನೋಡುತ್ತಾ ಉಸಿರು ಹಿಡಿದಿದ್ದೆವು. ಟರ್ರ್! ಗುಂಡು ಎಲೆಗಳಲ್ಲಿ ಎಲ್ಲೋ ಹೋಯಿತು.

"ಅಯ್ಯೋ, ತಪ್ಪಿತು!" ಎಂದು ನಾನು ಕೂಗಿ ಭಾವನವರ ಕಡೆ ತಿರುಗಿದೆ.

ಅವರು ಡಬ್ಬಿಯ ಕಡೆಗೆ ಬೆನ್ನು ಹಾಕಿ ನಿಂತಿದ್ದರು. ಕನ್ನಡಕದೊಳಗಿಂದ ಕಣ್ಣೀರು ಧಾರಾಕಾರ ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆನ್ನುವ ಪರಿವೆಯೂ ಇರಲಿಲ್ಲ.

"ತಪ್ಪಿದ್ರ ತಪ್ಪಲಿ ತಗೀರಿ! ಡಬ್ಬಿ ಯಾರು ನೋಡ್ಲಿಕ್ಕತ್ತಾರ? ಆಕಿ ಮೊಣಕೈ ನೋಡ್ರಿ, ಮೊಣಕೈ! ಭುಜದ ಮ್ಯಾಲೆ ಹೋಗ್ಯದ!"

ನಾನು ನೋಡಿದೆ. ಹೌದು, ಭುಜಕ್ಕಿಂತ ಒಂದು ಗೇಣು ಮೇಲೆಯೇ ಇತ್ತು. ಅಕ್ಕ ಕೈ ಇಳಿಸಲಿಲ್ಲ. ನೋವಿಗೆ ತೋಳು ಥರಥರ ನಡುಗುತ್ತಿತ್ತು, ಆದರೂ ಇಳಿಸಲಿಲ್ಲ.

"ಅಳೂದು ಆಮ್ಯಾಲೆ ಮಾಡ್ರಿ" ಎಂದಳು ಗಂಡನಿಗೆ, ದನಿ ಅವಳದೂ ಒಡೆದಿತ್ತು. "ಮೊದಲ ಗುಂಡು ತುಂಬ್ರಿ. ಇನ್ನೊಮ್ಮೆ ಎತ್ತತೀನಿ."