ಗೆದ್ದಲು ತಿಂದ ಪ್ರಾಜೆಕ್ಟು

ಗಣಕ ವಿಭಾಗದ ಮೊಟ್ಟಮೊದಲ ಕಂಪ್ಯೂಟರನ್ನು ಮೂರನೇ ಮಹಡಿಗೆ ಹೊತ್ತು ತಂದವನು ಲ್ಯಾಬ್ ಅಟೆಂಡರ್ ಅಜ್ಜ. ಒಬ್ಬನೇ, ಒಂದೇ ಉಸಿರಿಗೆ, ಅದೂ ಕಂಪ್ಯೂಟರ್ ಚಾಲೂ ಇದ್ದಾಗಲೇ. ಇದನ್ನು ಕಣ್ಣಾರೆ ಕಂಡವರು ನಾಲ್ವರು. ಅವರಲ್ಲಿ ಮೂವರು ತೀರಿಕೊಂಡಿದ್ದಾರೆ. ನಾಲ್ಕನೆಯವರು ನಿವೃತ್ತಿಯ ದಿನ, ಇನ್ನು ಮುಂದೆ ವಿಭಾಗದ ಯಾವ ಪ್ರಶ್ನೆಗೂ ಉತ್ತರಿಸುವುದಿಲ್ಲವೆಂದು ಬರೆದುಕೊಟ್ಟು ಹೋಗಿದ್ದಾರೆ. ಆದ್ದರಿಂದ ಈ ಸಂಗತಿಯನ್ನು ಸತ್ಯವೆಂದೇ ಪರಿಗಣಿಸತಕ್ಕದ್ದು.

ಅಜ್ಜನ ಸೊಂಟದಲ್ಲಿ ಹನ್ನೊಂದು ಬೀಗದಕೈ. ಅದರಲ್ಲಿ ದೊಡ್ಡದು ಪ್ರಾಜೆಕ್ಟು ಬೀರುವಿನದು. ಕೊನೆಯ ವರ್ಷದ ವಿದ್ಯಾರ್ಥಿಗಳು ಸ್ವಂತ ಸಂಶೋಧನೆ ಮಾಡಿ ಪ್ರಾಜೆಕ್ಟು ಒಪ್ಪಿಸಬೇಕೆಂಬುದು ನಿಯಮ. ಆ ಸಂಶೋಧನೆ ನಡೆಯುವುದು ಈ ಬೀರುವಿನಲ್ಲಿ. ವರ್ಷದ ಮೊದಲ ಸೋಮವಾರ ಅಜ್ಜ ಬಾಗಿಲು ತೆಗೆಯುತ್ತಾನೆ. ಮಕ್ಕಳು ಸಾಲಾಗಿ ಬಂದು ಹಿಂದಿನವರ ಒಂದೊಂದು ಪ್ರಾಜೆಕ್ಟು ಎತ್ತಿಕೊಂಡು ಹೋಗಿ, ಹೆಸರು ಬದಲಿಸಿ, ರಟ್ಟಿನ ಬಣ್ಣ ಬದಲಿಸಿ, ವರ್ಷದ ಕೊನೆಗೆ ತಂದಿಡುತ್ತಾರೆ. ಹೋದ ವರ್ಷದ ಬಣ್ಣ ಹಸಿರು. ಈ ವರ್ಷ ನೇರಳೆ. ಬಣ್ಣ ನಿರ್ಧರಿಸಲು ಐದು ಜನರ ಸಮಿತಿಯಿದೆ, ಸಂಶೋಧನೆಯೆಂದರೆ ಹುಡುಗಾಟವಲ್ಲ.

ಗ್ರಂಥಾಲಯವನ್ನು ಕಂಪ್ಯೂಟರೀಕರಣಗೊಳಿಸುವ ಪ್ರಾಜೆಕ್ಟು ಹೀಗೆ ಹತ್ತೊಂಬತ್ತು ಸಲ ಯಶಸ್ವಿಯಾಗಿದೆ. ಗ್ರಂಥಾಲಯದಲ್ಲಿ ಇಂದಿಗೂ ಗೆರೆ ಹೊಡೆದ ಪುಸ್ತಕದಲ್ಲೇ ಬರೆದುಕೊಳ್ಳುತ್ತಾರೆ. ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟಿಗೆ ಹನ್ನೆರಡು ವರ್ಷ ವಯಸ್ಸು. ಈ ವರ್ಷ ಅದನ್ನು ಎತ್ತಿಕೊಂಡಿದ್ದವನನ್ನು ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ.

ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ವಿಭಾಗದಲ್ಲಿ ಕನ್ನಡಕದ ಹುಡುಗಿಯೊಬ್ಬಳು ಪ್ರಾಜೆಕ್ಟನ್ನು ತಾನೇ ಮಾಡಿಬಿಟ್ಟಳು.

ಹಿನ್ನೆಲೆ ಇಷ್ಟೇ. ಲ್ಯಾಬಿನಲ್ಲಿ ನಲವತ್ತು ಯಂತ್ರಗಳು. ಯಾವುದು ಯಾವಾಗ ಕೆಡುತ್ತದೆಂದು ಅಜ್ಜ ಡಬ್ಬಿಗೆ ಕಿವಿಯಿಟ್ಟು ಹೇಳುತ್ತಿದ್ದ. "ಇದರ ಫ್ಯಾನು ಗೊರಗೊರ ಅಂತಿದೆ, ನಾಡಿದ್ದಿಗೆ ಹೋಗುತ್ತೆ" ಅಂದರೆ ನಾಡಿದ್ದಿಗೆ ಹೋಗುತ್ತಿತ್ತು. ಅಜ್ಜನ ಮಾತುಗಳಲ್ಲಿ ಇದೊಂದೇ ನಿಜವಾದದ್ದರಿಂದ ಯಾರೂ ನಂಬುತ್ತಿರಲಿಲ್ಲ. ಹುಡುಗಿ ಆರು ತಿಂಗಳು ಅವನ ಹಿಂದೆ ಮೈಕು ಹಿಡಿದು ಓಡಾಡಿ, ನಲವತ್ತರ ಸದ್ದನ್ನೂ ತುಂಬಿಕೊಂಡು, ಅಜ್ಜನ ಕಿವಿ ಮಾಡುವ ಕೆಲಸ ಮಾಡುವ ಪ್ರೋಗ್ರಾಮು ಬರೆದಳು. ಅಜ್ಜನ ಕಥೆಗಳನ್ನು ಬಾಗಿಲ ಕಡೆ ನೋಡದೆ ಪೂರ್ತಿ ಕೇಳಿದವಳು ಇಡೀ ಕಟ್ಟಡದಲ್ಲಿ ಅವಳೊಬ್ಬಳೇ.

ಒಪ್ಪಿಸಲು ಹೋದಾಗ ಕಚೇರಿಯ ಟೈಪಿನಕ್ಕ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಂಬತ್ತನೇ ಕಾಲಂ ಖಾಲಿ ಬಿಟ್ಟಿದ್ದೀಯಲ್ಲಮ್ಮ. ಹಿಂದಿನ ಪ್ರಾಜೆಕ್ಟಿನ ಸಂಖ್ಯೆ?"

"ಹಿಂದಿನದು ಇಲ್ಲ ಅಕ್ಕ. ನಾನೇ ಮಾಡಿದ್ದು."

"ಒಬ್ಬಳೇನಾ?" ಅಕ್ಕ ದನಿ ತಗ್ಗಿಸಿದಳು. "ಮನೇಲಿ ಗೊತ್ತಾ?"

ಹೋಲಿಕೆ ಪರೀಕ್ಷೆಗೆ ಹಾಕಿದರು. ನಿಯಮ ಹದಿನಾಲ್ಕರ ಪ್ರಕಾರ ಪ್ರತಿ ಪ್ರಾಜೆಕ್ಟೂ ಬೀರುವಿನ ಯಾವುದಾದರೊಂದು ಪ್ರಾಜೆಕ್ಟನ್ನು ಕನಿಷ್ಠ ನೂರಕ್ಕೆ ಅರವತ್ತರಷ್ಟು ಹೋಲಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮೂಲ ತಿಳಿಯದ ಮಾಲು ಎಂದು ತಡೆಹಿಡಿಯಬೇಕು. ಹುಡುಗಿಯದು ನಾಲ್ಕು ಬಂತು. ಆ ನಾಲ್ಕೂ ಕಾಲೇಜಿನ ಹೆಸರು ಮತ್ತು ತಂದೆತಾಯಿಗೆ ವಂದನೆ ಹೇಳಿದ ಪುಟದ್ದು.

ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿ ಬಹಳ ನೊಂದು ಮಾತಾಡಿದರು. "ನೋಡಮ್ಮ, ನಾನೂ ಮಕ್ಕಳೊಂದಿಗ. ಮೂರು ದಿನ ಟೈಮ್ ಕೊಡ್ತೀನಿ. ಇದು ಎಲ್ಲಿಂದ ತಂದದ್ದು ಅಂತ ಹೇಳಿಬಿಡು, ಪಾಸು ಮಾಡಿಬಿಡೋಣ. ಇಲ್ಲಾಂದ್ರೆ ವರ್ಷ ಮತ್ತೆ ಓದಬೇಕಾಗುತ್ತೆ."

"ಸರ್, ನಾನು ತಂದೇ ಇಲ್ಲ."

"ಎಲ್ಲರೂ ಮೊದಲು ಹಾಗೇ ಹೇಳೋದು."

ಮೂಲೆಯಲ್ಲಿ ಕುರ್ಚಿ ಒರೆಸುತ್ತಿದ್ದ ಅಜ್ಜ ಇದನ್ನೆಲ್ಲ ಕೇಳಿಸಿಕೊಂಡ. ತನ್ನ ಕಥೆ ಕೇಳುವ ಒಬ್ಬಳೇ ಒಬ್ಬಳ ಒಂದು ವರ್ಷ ಹೋಗುತ್ತದೆ! ಅವನು ಬಟ್ಟೆ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ.

"ಅದು ನನ್ನ ಪ್ರಾಜೆಕ್ಟು ಸ್ವಾಮಿ. ಮೂವತ್ತು ವರ್ಷದ ಹಿಂದೆ ಮಾಡಿದ್ದು."

ಮುಖ್ಯಸ್ಥರ ಮುಖ ಅರಳಿತು. ಆದರೂ ಕುರ್ಚಿಯ ಘನತೆಗಾಗಿ ಒಂದು ಪ್ರಶ್ನೆ ಕೇಳಬೇಕಾಯಿತು. "ನಿಮಗೆ ಓದು ಬರಹ ಬರಲ್ವಲ್ಲ ಅಜ್ಜ?"

"ಆಗ ಕಂಪ್ಯೂಟರ್‌ಗೂ ಅಷ್ಟಾಗಿ ಬರ್ತಿರಲಿಲ್ಲ ಸ್ವಾಮಿ. ಇಬ್ಬರೂ ಸಮಸಮ ಇದ್ವಿ, ಹೊಂದಿಕೊಂಡು ಹೋಯ್ತು."

"ಪ್ರತಿ ಎಲ್ಲಿದೆ?"

"ಗೆದ್ದಲು ತಿಂತು."

ಗೆದ್ದಲು ಎಂದ ಕೂಡಲೇ ವಿಷಯ ನಿಯಮದೊಳಗೆ ಬಂತು. ಗೆದ್ದಲು ತಿಂದ ದಾಖಲೆಗೆ ಗೆದ್ದಲು ತಿಂದಿದೆಯೆಂಬ ದೃಢೀಕರಣ ಬೇಕು. ದೃಢೀಕರಿಸುವ ಅಧಿಕಾರ ಲ್ಯಾಬ್ ಅಟೆಂಡರಿಗೆ. ಅಜ್ಜ ಕಳೆದುಕೊಂಡವನ ಜಾಗದಲ್ಲಿ ಎಡಗೈ ಹೆಬ್ಬೆಟ್ಟನ್ನೂ ದೃಢೀಕರಿಸಿದವನ ಜಾಗದಲ್ಲಿ ಬಲಗೈಯದನ್ನೂ ಒತ್ತಿದ. ಎರಡೂ ಹೋಲದೆ ಇದ್ದದ್ದನ್ನು ಮುಖ್ಯಸ್ಥರು ಖುದ್ದಾಗಿ ಪರಿಶೀಲಿಸಿ ತೃಪ್ತರಾದರು.

"ಅಜ್ಜ, ಅದನ್ನ ಬರೆದದ್ದು ನಾನಲ್ವಾ?" ಹುಡುಗಿ ಮೆಲ್ಲಗೆ ಕೇಳಿದಳು.

"ಹಾಗೆಲ್ಲ ಹೊರಗೆ ಹೇಳ್ಕೊಂಡು ತಿರುಗಬೇಡಮ್ಮ," ಎಂದರು ಮುಖ್ಯಸ್ಥರು. "ಈಗ ತಾನೇ ನಿನ್ನ ಹೆಸರು ಸರಿಹೋಗಿದೆ."

ಉಳಿದದ್ದು ಹೋಲಿಕೆ. ಹೋಲಿಸಲು ಅಜ್ಜನ ಪ್ರತಿ ಬೇಕಲ್ಲ? ನಷ್ಟವಾದ ದಾಖಲೆಯನ್ನು ಲಭ್ಯವಿರುವ ಅತ್ಯುತ್ತಮ ಆಧಾರದಿಂದ ಮರುಸೃಷ್ಟಿಸಬಹುದೆಂದು ನಿಯಮ ಹದಿನೇಳು. ಲಭ್ಯವಿದ್ದ ಆಧಾರವೆಂದರೆ ಹುಡುಗಿಯ ಪ್ರಾಜೆಕ್ಟೇ. ಟೈಪಿನಕ್ಕ ಅದನ್ನು ಜೆರಾಕ್ಸ್ ಮಾಡಿಸಿ, ಮೇಲೆ ಅಜ್ಜನ ಹೆಸರು ಅಂಟಿಸಿ, ಸೊನ್ನೆ ಎಂದು ಸಂಖ್ಯೆ ಕೊಟ್ಟು ಬೀರುವಿಗೆ ಸೇರಿಸಿದಳು. ಮತ್ತೆ ಹೋಲಿಸಿದಾಗ ನೂರಕ್ಕೆ ನೂರು ಬಂತು. ವಿಭಾಗದ ಇತಿಹಾಸದಲ್ಲೇ ಇದು ಅತ್ಯಧಿಕ. ಹಳೆಯ ದಾಖಲೆ ತೊಂಬತ್ತೇಳಾಗಿತ್ತು. ಆ ದಾಖಲೆಯ ಹುಡುಗ ವಂದನೆಯ ಪುಟದಲ್ಲಿ ತಂದೆತಾಯಿಯ ಹೆಸರು ಬದಲಿಸಿದ್ದ. ಹುಡುಗಿಯನ್ನು ಅಭಿನಂದಿಸಿ ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿದರು.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಏಳನೇ ಯಂತ್ರದ ಮುಂದೆ ಕೂತು, ಬೆಳಗ್ಗೆಯಿಂದ ಮೂವತ್ತೊಂಬತ್ತು ವಿದ್ಯಾರ್ಥಿಗಳಿಗೆ ಅಂಕ ತುಂಬಿದರು. ಕೊನೆಯವಳು ಈ ಹುಡುಗಿ. ಪ್ರೋಗ್ರಾಮು ನಡೆಸಿ ತೋರಿಸಿದಳು. ಪರದೆಯ ಮೇಲೆ ಕೆಂಪಕ್ಷರ ಬಂತು: ಏಳನೇ ಯಂತ್ರ, ಇವತ್ತೇ.

"ಸರ್, ದಯವಿಟ್ಟು ಬೇರೆ ಯಂತ್ರಕ್ಕೆ ಬನ್ನಿ."

"ಪರೀಕ್ಷಕರು ಎಲ್ಲಿ ಕೂರಬೇಕು ಅಂತ ವಿದ್ಯಾರ್ಥಿ ಹೇಳೋ ಹಾಗಿಲ್ಲ."

ಅಜ್ಜ ಬಂದು ಡಬ್ಬಿಗೆ ಕಿವಿಯಿಟ್ಟ. "ಎದ್ದುಬಿಡಿ ಬುದ್ಧಿ, ಇದರ ಉಸಿರು ಮೇಲಕ್ಕೆ ಬಂದಿದೆ."

ಪರೀಕ್ಷಕರು ಏಳಲಿಲ್ಲ. ಅವಳ ಅಂಕ ತುಂಬಲು ಬೆರಳೆತ್ತುವಷ್ಟರಲ್ಲಿ ಏಳನೇ ಯಂತ್ರ ಒಮ್ಮೆ ಗೊರ್ ಎಂದು, ತುಸು ಹೊಗೆಯುಗುಳಿ, ಎಲ್ಲರ ಅಂಕವನ್ನೂ ಒಳಗಿಟ್ಟುಕೊಂಡು ತಣ್ಣಗಾಯಿತು.

ತುರ್ತುಸಭೆ ಸೇರಿತು. ಪ್ರಾಜೆಕ್ಟುಗಳೆಲ್ಲ ಹಿಂದಿನ ವರ್ಷದವೇ ಆದ್ದರಿಂದ ಅಂಕಗಳನ್ನೂ ಹಿಂದಿನ ವರ್ಷದವನ್ನೇ ಕೊಡತಕ್ಕದ್ದೆಂದು ಹತ್ತೇ ನಿಮಿಷದಲ್ಲಿ ಠರಾವಾಯಿತು. ಇಷ್ಟು ಸರಳ ಪದ್ಧತಿಯನ್ನು ಮೊದಲೇ ಏಕೆ ತರಲಿಲ್ಲವೆಂದು ಕೆಲವರು ಮರುಗಿದರು. ಪರೀಕ್ಷಕರನ್ನು ಕರೆಸುವ ಖರ್ಚೂ ತಪ್ಪುತ್ತಿತ್ತು ಎಂದು ಸ್ವತಃ ಪರೀಕ್ಷಕರೇ ಹೇಳಿದರು. ಫೇಲಾಗಿದ್ದವರ ಪ್ರಾಜೆಕ್ಟು ಎತ್ತಿಕೊಂಡಿದ್ದ ಇಬ್ಬರು ಮಾತ್ರ ಅತ್ತರು. ಬೀರುವಿನ ಮುಂದೆ ನಿಂತಾಗಲೇ ಎಚ್ಚರವಿರಬೇಕಿತ್ತೆಂದು ಅವರಿಗೆ ಬುದ್ಧಿ ಹೇಳಲಾಯಿತು.

ಉಳಿದವಳು ಕನ್ನಡಕದ ಹುಡುಗಿ. ಅವಳ ಹಿಂದಿನದು ಸಂಖ್ಯೆ ಸೊನ್ನೆ. ಸೊನ್ನೆಗೆ ಮೂವತ್ತು ವರ್ಷದ ಹಿಂದೆ ಎಷ್ಟು ಅಂಕ ಬಂದಿತ್ತೋ ಅಷ್ಟೇ ಅವಳಿಗೆ. ಹೇಳಿಕೆ ಪಡೆಯಲು ಟೈಪಿನಕ್ಕ ದೊಡ್ಡ ರಿಜಿಸ್ಟರು ಹೊತ್ತು ಲ್ಯಾಬಿಗೆ ಬಂದಳು. ಹುಡುಗಿ ಕನ್ನಡಕದ ಕಡ್ಡಿ ಕಚ್ಚುತ್ತ ಬಾಗಿಲಲ್ಲಿ ನಿಂತಳು.

"ಅಜ್ಜ, ನಿಮಗೆ ಬಂದಿದ್ದು ಎಷ್ಟು? ನೋಡ್ಕೊಂಡು ಹೇಳಿ, ನೀವು ಹೇಳಿದ್ದೇ ಕೊನೆ."

ಅಜ್ಜ ಹುಡುಗಿಯ ಕಡೆ ನೋಡಿದ. ಐವತ್ತು ಅಂದರೆ ಸಾಕಿತ್ತು, ಪಾಸಾಗುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ಅವನ ಬಾಯಿ ಯಾವುದನ್ನೂ ಸಾಕು ಅನ್ನುವಷ್ಟಕ್ಕೆ ನಿಲ್ಲಿಸಿದ್ದಿಲ್ಲ.

"ತೊಂಬತ್ತೆಂಟು," ಎಂದ. "ನೂರು ಕೊಡ್ತೀವಿ ಅಂತ ಮನೆ ಬಾಗಿಲಿಗೇ ಬಂದಿದ್ರು. ಜಂಬ ಬಂದೀತು ಅಂತ ಎರಡು ವಾಪಸ್ ಕಳಿಸ್ದೆ."

ಟೈಪಿನಕ್ಕ ರಿಜಿಸ್ಟರಿನ ಹಳದಿ ಹಾಳೆಗಳನ್ನು ಒಂದೊಂದಾಗಿ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅಜ್ಜಾ, ಆಗ ಪ್ರಾಜೆಕ್ಟಿಗೆ ಒಟ್ಟು ಇದ್ದದ್ದೇ ಐವತ್ತು ಅಂಕ ಕಣಜ್ಜಾ. ಐವತ್ತಕ್ಕೆ ತೊಂಬತ್ತೆಂಟು ಹೇಗೆ ಬಂತು?"

ಹುಡುಗಿ ಕಡ್ಡಿ ಕಚ್ಚುವುದನ್ನು ನಿಲ್ಲಿಸಿದಳು. ಅಜ್ಜ ಛಾವಣಿ ನೋಡಿದ, ಬೀಗದಕೈ ಗೊಂಚಲು ಸರಿಮಾಡಿಕೊಂಡ, ಕೊನೆಗೆ ಎರಡೂ ಹೆಗಲನ್ನು ಕಿವಿಯವರೆಗೆ ಏರಿಸಿ ಇಳಿಸಿದ.

ಟೈಪಿನಕ್ಕ ಪೆನ್ನಿನ ಮುಚ್ಚಳ ತೆಗೆದು, ಅಂಕದ ಕಾಲಮ್ಮಿನಲ್ಲಿ ೯೮ ಎಂದು ಬರೆದಳು. ಪಕ್ಕದ ಷರಾ ಕಾಲಮ್ಮಿನಲ್ಲಿ, ದುಂಡಗಿನ ಅಕ್ಷರದಲ್ಲಿ: "ವಿಚಾರಿಸಲಾಗಿ ಹೆಗಲು ಕುಣಿಸಿದರು. ಅಂಗೀಕರಿಸಲಾಗಿದೆ."