ಅತ್ತೆಯ ಬಚ್ಚಲೊಲೆಗೆ ಅಳಿಯನ ಕಾವಲು

ಸಾವಿರದ ನೂರಾ ನಲವತ್ತು ಮನೆ ನೋಡಿಕೊಳ್ಳುವವನಿಗೆ ಇನ್ನೊಂದು ಮನೆ ಭಾರವೇ ಎಂದು ಮುನ್‌ಸಿಕ್ ಊಟಕ್ಕೆ ಕೂತಾಗ ಎದೆಯುಬ್ಬಿಸಿ ಹೇಳಿದ. ಅವನು ಚೊಂಜು ನಗರದ ದೊಡ್ಡದೊಂದು ವಸತಿ ಸಮುಚ್ಚಯದ ಆಫೀಸಿನಲ್ಲಿ ಮೇಲ್ವಿಚಾರಕ. ಲಿಫ್ಟು ನಿಂತರೆ, ನಲ್ಲಿ ಸೋರಿದರೆ, ಚಳಿಗಾಲದಲ್ಲಿ ಅಡಿಯ ಕೊಳವೆಗಳಿಂದ ನೆಲ ಬಿಸಿಯಾಗದಿದ್ದರೆ ಜನ ಅವನ ಮೇಜಿಗೇ ಬರಬೇಕು. ಹದಿನೈದು ವರ್ಷದಲ್ಲಿ ಅವನ ಉಸ್ತುವಾರಿಯಲ್ಲಿ ಒಂದು ಬಲ್ಬು ಕೂಡ ಅಪ್ಪಣೆಯಿಲ್ಲದೆ ಆರಿಲ್ಲ ಎಂಬುದು ಅವನ ಹೆಮ್ಮೆ.

ಆ ಇನ್ನೊಂದು ಮನೆ ಅವನ ಅತ್ತೆ ಗುಮ್‌ಸುನ್ ಅವರದು. ಅದು ಇದ್ದದ್ದು ಕಂಪ್ಯೂಟರಿನೊಳಗೆ.

ಗುಮ್‌ಸುನ್ ಇಪ್ಪತ್ತಾರು ವರ್ಷ ಊರಿನಲ್ಲಿ ಬಿಸಿನೀರಿನ ಸ್ನಾನದ ಮನೆ ನಡೆಸಿದವರು. ಜನ ಬಂದು, ನೀರಲ್ಲಿ ನೆನೆದು, ಬೆನ್ನು ಉಜ್ಜಿಸಿಕೊಂಡು, ಬೇಯಿಸಿದ ಮೊಟ್ಟೆ ತಿಂದು ಹೋಗುತ್ತಿದ್ದ ಜಾಗ. ಅದನ್ನು ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ಒಂದು ಕಂಪ್ಯೂಟರ್ ಕೊಂಡು, ಹಿಮಕಣಿವೆ ಎಂಬ ಗೇಮಿಗೆ ಇಳಿದರು. ಅಲ್ಲಿ ವರ್ಷವೆಲ್ಲ ಚಳಿಗಾಲ. ಕಾಡಿನಲ್ಲಿ ತೋಳಗಳಿವೆ, ಒಂದೆರಡು ದೆವ್ವಗಳೂ ಇವೆ. ಮರ ಕಡಿಯಬಹುದು, ಕಲ್ಲು ಒಡೆಯಬಹುದು, ಮನಸ್ಸಿಗೆ ಬಂದದ್ದು ಕಟ್ಟಬಹುದು. ಇಂಥದ್ದೇ ಮಾಡು ಎಂದು ಹೇಳುವವರು ಯಾರೂ ಇಲ್ಲ. ಆದರೆ ಉಣ್ಣದಿದ್ದರೆ ಸಾಯುತ್ತಾರೆ, ಬೆಂಕಿ ಕಾಯದಿದ್ದರೆ ಸೆಟೆದುಹೋಗುತ್ತಾರೆ. ಎಂಟು ಜನ ಸೇರಿ ಆಡುವ ಕಣಿವೆ ಅದು. ಒಬ್ಬರು ಕಂಪ್ಯೂಟರ್ ಮುಚ್ಚಿ ಮಲಗಿದರೂ ಅಲ್ಲಿ ಹಿಮ ಬೀಳುವುದು ನಿಲ್ಲುವುದಿಲ್ಲ. ಗುಮ್‌ಸುನ್ ಎರಡು ವರ್ಷ ಕಲ್ಲು ಹೊತ್ತು ಅಲ್ಲೊಂದು ಸ್ನಾನದ ಮನೆ ಕಟ್ಟಿದ್ದರು. ಗಂಡಸರಿಗೊಂದು ಕೊಳ, ಹೆಂಗಸರಿಗೊಂದು ಕೊಳ, ಹಿಂದುಗಡೆ ದೊಡ್ಡ ಬಚ್ಚಲೊಲೆ. ಇಡೀ ಕಣಿವೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ. ಅಲ್ಲಿ ಅವರ ಹೆಸರು ‘ಬೆಳ್ಳುಳ್ಳಿ ಗಡ್ಡೆ’.

ಮುನ್‌ಸಿಕ್‌ಗೆ ಇದೆಲ್ಲ ಹುಡುಗಾಟ. ಇಂಥ ಆಟಗಳ ದೋಷಗಳನ್ನು ಅವನು ಊಟದ ಹೊತ್ತಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದ: ಗೆದ್ದೆ ಎನ್ನುವ ಹಾಗಿಲ್ಲ, ಮುಗಿಯಿತು ಎನ್ನುವ ಹಾಗಿಲ್ಲ, ಗುರಿಯೇ ಇಲ್ಲ.

“ಗುರಿ ಇಲ್ಲದ್ದೇ ಅದರ ಗುಣ, ಅಳಿಯಂದಿರೇ,” ಎಂದಿದ್ದರು ಅತ್ತೆ. “ಆಫೀಸಲ್ಲಿ ನಿಮಗೆ ಗುರಿ ಇದೆಯಲ್ಲ, ಏನು ಕಡಿದು ಕಟ್ಟೆ ಹಾಕಿದ್ದೀರಿ?”

ಹದಿನಾರು ವರ್ಷದ ಹಿಂದೆ ಮಗಳನ್ನು ಕೊಡುವಾಗಲೂ ಅವರು ಹೀಗೆಯೇ ಏನೋ ಕೇಳಿದ್ದರು. ಅಂದಿನಿಂದ ಅತ್ತೆ ಬಾಯಿ ತೆರೆದರೆ ಮುನ್‌ಸಿಕ್ ನಲ್ಲಿ ಸೋರುತ್ತಿದೆಯೇ ಎಂದು ನೋಡಲು ಎದ್ದು ಹೋಗುತ್ತಿದ್ದ.

ಹೀಗಿರುವಾಗ ಅತ್ತೆಯ ಬಲಗಣ್ಣಿನ ಒಳಪರದೆಯಲ್ಲಿ ಸಣ್ಣ ತೂತು ಬಿತ್ತು. ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ತುಂಬಿ, ಅದು ತೂತಿಗೆ ಒತ್ತಿ ಕೂರಬೇಕಾದರೆ ಒಂದು ವಾರ ಬೋರಲು ಮಲಗಿರಬೇಕು, ಮುಖ ಎತ್ತಬಾರದು, ಕಂಪ್ಯೂಟರಿನ ಪರದೆ ನೋಡಬಾರದು ಎಂದರು. ಗುಮ್‌ಸುನ್ ಮಗಳ ಮನೆಗೆ ಬಂದು, ನಡುವೆ ತೂತಿರುವ ದಿಂಬಿಗೆ ಮುಖ ಕೊಟ್ಟು, ಒಳಕೋಣೆಯ ಬೆಚ್ಚನೆಯ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ ಮೊಸಳೆಯಂತೆ ಮಲಗಿದರು. ಜೊತೆಗೆ ಅವರ ಕಂಪ್ಯೂಟರೂ ಬಂತು. ಒಲೆಗೆ ದಿನಾ ಸಂಜೆ ಸೌದೆ ಹಾಕುವವರು ಬೇಕಲ್ಲ. ಎದೆಯುಬ್ಬಿಸಿ ಒಪ್ಪಿಕೊಂಡವನು ಮುನ್‌ಸಿಕ್.

“ಏಳು ಕೊರಡು,” ಎಂದರು ಅತ್ತೆ, ದಿಂಬಿನ ತೂತಿನೊಳಗಿಂದ. “ಎಂಟಲ್ಲ. ಕೊಟ್ಟಿಗೆಯಿಂದ ಒಂದೊಂದೇ ತಂದು ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ.”

ಮೊದಲ ಸಂಜೆ ಏಳಕ್ಕೆ ಮುನ್‌ಸಿಕ್ ನಡುಮನೆಯಲ್ಲಿಟ್ಟ ಕಂಪ್ಯೂಟರಿನ ಮುಂದೆ ಕೂತ. ಸೌದೆಯ ಕೊಟ್ಟಿಗೆ ಒಲೆಯಿಂದ ದೂರವಿತ್ತು. ಏಳು ಕೊರಡಿಗೆ ಏಳು ಸಲ ಹಿಮ ತುಳಿಯಬೇಕು. ಇದು ಯಾವ ಸೀಮೆಯ ವ್ಯವಸ್ಥೆ ಎಂದು ಅವನೊಳಗಿನ ಮೇಲ್ವಿಚಾರಕ ಎದ್ದು ಕೂತ. ಅರ್ಧ ಗಂಟೆ ಬೆವರು ಹರಿಸಿ, ವಾರಕ್ಕೆ ಬೇಕಾದ ನಲವತ್ತೊಂಬತ್ತು ಕೊರಡುಗಳನ್ನು ಒಲೆಯ ಪಕ್ಕದಲ್ಲೇ ಸೂರಿನವರೆಗೆ ಪೇರಿಸಿದ. ಇನ್ನು ವಾರವಿಡೀ ಕೂತಲ್ಲೇ ಕೆಲಸ. ಏಳು ಕೊರಡು ಒಲೆಗೆ ಹಾಕಿ, ಕೈ ಒರೆಸಿಕೊಂಡು ಬಾರ್ಲಿ ಚಹಾ ತರಲು ಎದ್ದ.

ಚಹಾ ಹಿಡಿದು ಬರುವಷ್ಟರಲ್ಲಿ ಒಲೆಯಿಂದ ಒಂದು ಕಿಡಿ ಹಾರಿ ತನ್ನ ಕೆಲಸ ಮಾಡಿತ್ತು. ಪೇರಿಸಿದ ಸೌದೆ ಧಗಧಗ ಉರಿಯುತ್ತಿತ್ತು. ಸೂರು ಹೊತ್ತಿಕೊಂಡಿತ್ತು. ಮುನ್‌ಸಿಕ್ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದ. ಒಂದಕ್ಕೆ ಪರದೆಯೊಳಗೆ ಅವನು ಹಾರಿದ, ಇನ್ನೊಂದಕ್ಕೆ ಕುಣಿದ, ಮೂರನೆಯದಕ್ಕೆ ಉರಿಯುವ ಮನೆಯ ಕಡೆಗೆ ಕೈಬೀಸಿದ.

“ಅಳಿಯಂದಿರೇ,” ಒಳಕೋಣೆಯಿಂದ ದನಿ ಬಂತು, “ಅದೇನು ಚಟಪಟ?”

“ಹೇರಾನ್ ಮೀನು ಹುರೀತಿದ್ದಾಳೆ, ಅತ್ತೆ.”

ಅವನ ಹೆಂಡತಿ ಹೇರಾನ್ ಅಮ್ಮನ ಗಂಜಿಯ ಬಟ್ಟಲು ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಪರದೆ ನೋಡಿದಳು, ಗಂಡನ ಮುಖ ನೋಡಿದಳು.

“ವಾಸನೆ ಬರ್ತಿಲ್ಲವಲ್ಲ,” ಎಂದರು ಅತ್ತೆ.

“ಈಗ ಬರುತ್ತೆ, ಅತ್ತೆ.”

ಹೇರಾನ್ ಅಡುಗೆಮನೆಗೆ ಹೋಗಿ, ಮಾರನೆಯ ದಿನಕ್ಕೆಂದು ಇಟ್ಟಿದ್ದ ಎರಡು ಮೀನು ಬಾಣಲೆಗೆ ಹಾಕಿದಳು. ವಾಸನೆ ಎದ್ದ ಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿ, “ರೀ, ಈ ಒಂದು ಸುಳ್ಳಿಗೆ ಮೀನಿತ್ತು. ನಾಳೆಯದಕ್ಕೆ ನೀವೇ ಏನಾದ್ರೂ ನೋಡ್ಕೊಳ್ಳಿ,” ಎಂದಳು.

ಪರದೆಯ ಮೇಲೆ ಸ್ನಾನದ ಮನೆ ಕುಸಿದು ಬೂದಿಯಾಯಿತು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಆ ಗೇಮಿನಲ್ಲಿ ಇರಲಿಲ್ಲ. ಇಷ್ಟು ದೋಷ ಪಟ್ಟಿ ಮಾಡಿದವನಿಗೆ ಈ ಒಂದು ದೋಷ ಮಾತ್ರ ಹೊಳೆದಿರಲಿಲ್ಲ.

ಎರಡನೆಯ ಸಂಜೆ ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕಣಿವೆಗೆ ಇಳಿದ. ಬೂದಿಯ ನಡುವೆ ಒಬ್ಬ ಮುದಿ ಬೇಟೆಗಾರ ನಿಂತಿದ್ದ. ಅವನ ತಲೆಯ ಮೇಲೆ ‘ಒಣಮೀನು’ ಎಂಬ ಹೆಸರಿತ್ತು. ಕಡಲಂಚಿನ ಯಾವುದೋ ಊರಲ್ಲಿ ಟ್ಯಾಕ್ಸಿ ಓಡಿಸುವ ಈತನ ವಿಷಯ ಅತ್ತೆ ಆಗಾಗ ಹೇಳುತ್ತಿದ್ದರು. ಬೆಳ್ಳುಳ್ಳಿ ಗಡ್ಡೆಯವರೇ, ಮನೆಗೆ ಏನಾಯಿತು, ತೋಳ ಬಂತೇ, ದೆವ್ವ ಬಂತೇ ಎಂದು ಆತ ಅಕ್ಷರ ಒತ್ತಿ ಕೇಳಿದ. ತಾನು ಬೆಳ್ಳುಳ್ಳಿ ಗಡ್ಡೆಯಲ್ಲ, ಅಳಿಯ ಎಂದು ಮುನ್‌ಸಿಕ್ ಬರೆದ. ಉತ್ತರ ಬಂತು: “ಅವರಿಗೆ ಗೊತ್ತಾ?”

“ಇಲ್ಲ.”

“ಹಾಗಾದ್ರೆ ಅಳಿಯಂದಿರೇ, ತೋಳದ ಕೈಗೆ ಸಿಕ್ಕೋದೇ ಕ್ಷೇಮ.”

ಆದರೂ ಒಣಮೀನು ಒಳ್ಳೆಯವನು. ಕಲ್ಲು ಒಡೆಯುವುದು ಹೇಗೆ, ಗಾರೆ ಕಲಸುವುದು ಹೇಗೆ ಎಂದು ತೋರಿಸಿಕೊಟ್ಟ. ಐದು ದಿನದಲ್ಲಿ ಮತ್ತೆ ಕಟ್ಟಿಬಿಡುತ್ತೇನೆ ಎಂದು ಮುನ್‌ಸಿಕ್ ಪಣತೊಟ್ಟ. ಆಟವನ್ನು ಹಳಿಯುವುದು ಸುಲಭ, ಆಡುವುದು ಕಷ್ಟ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ನಾಲ್ಕು ಕಲ್ಲು ಹೊರುವಷ್ಟರಲ್ಲಿ ಹಸಿವು. ಹಸಿವಿಗೆಂದು ಮೊಲ ಹಿಡಿಯಲು ಹೋದರೆ ಚಳಿ. ಚಳಿಗೆಂದು ಬೆಂಕಿ ಹಾಕಲು ಕೈ ಮುಂದೆ ಬರಲೊಲ್ಲದು. ಮೂರನೆಯ ದಿನ ತೋಳವೊಂದು ಅವನನ್ನು ಕೊಡಲಿಯ ಸಮೇತ ಮುಗಿಸಿತು; ಮತ್ತೆ ಹುಟ್ಟಿ ಬಂದಾಗ ಮೈಮೇಲೆ ತುಂಡು ಬಟ್ಟೆ ಮಾತ್ರ. ಆಫೀಸಿನಲ್ಲಿ ಯಾರೋ ನೆಲ ಬಿಸಿಯಾಗುತ್ತಿಲ್ಲ ಎಂದು ದೂರು ತಂದರೆ, ಏಳು ಕೊರಡು ಹಾಕಿ ನೋಡಿ ಎಂದುಬಿಟ್ಟ.

ಇಷ್ಟಾದರೂ ಇದು ಸಂಕಟದ ಅರ್ಧ ಪಾಲು. ಉಳಿದರ್ಧ ಒಳಕೋಣೆಯಲ್ಲಿ ಬೋರಲು ಮಲಗಿತ್ತು. ಪ್ರತಿ ಸಂಜೆ ಎಂಟಕ್ಕೆ ಅತ್ತೆ ಅವನನ್ನು ಕರೆಸಿ ವರದಿ ಕೇಳುತ್ತಿದ್ದರು. ಕಣ್ಣಿಲ್ಲದ ಧೃತರಾಷ್ಟ್ರನ ಮುಂದೆ ಸಂಜಯ ಕೂತ ಹಾಗೆ ಮುನ್‌ಸಿಕ್ ಹಾಸಿಗೆಯ ಪಕ್ಕ ಮಂಡಿಯೂರಿ ಕೂರುತ್ತಿದ್ದ. ಸಂಜಯನಾದರೋ ಕಂಡದ್ದನ್ನು ಹೇಳಿದ; ಇವನು ಸುಟ್ಟದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಬೇಕಿತ್ತು.

ಎರಡನೆಯ ದಿನ, ಒಣಮೀನು ಬಂದಿದ್ದ, ನೀರು ಬೆಚ್ಚಗಿದೆ ಅಂದ, ಹೋದ ಎಂದು ವರದಿ ಮಾಡಿದ. ನೀರು ಬೆಚ್ಚಗಿತ್ತೋ ಇಲ್ಲವೋ, ಹೇಳುವವನಂತೂ ಬೆಚ್ಚಿದ್ದ.

“ಅಷ್ಟೇನಾ?” ಎಂದರು ಅತ್ತೆ. ದಿಂಬಿನೊಳಗೆ ಉದ್ದನೆಯ ನಿಟ್ಟುಸಿರು ಕೇಳಿಸಿತು.

ಆ ನಿಟ್ಟುಸಿರು ಅನುಮಾನದ್ದೇ ಎಂದು ಅವನು ರಾತ್ರಿಯೂಟ ಬಿಟ್ಟ. ವರದಿ ಇಷ್ಟು ಬಡವಾಗಿದ್ದರೆ ಸಿಕ್ಕಿಬೀಳುವುದು ಖಂಡಿತ. ಮಾರನೆಯ ದಿನ ಆಫೀಸಿನ ದೂರಿನ ಪುಸ್ತಕವನ್ನೇ ಮಗುಚಿ ಹಾಕಿ, ಯಾವುದೋ ಮನೆಯ ಗಂಡ ಹೆಂಡಿರ ಜಗಳವನ್ನು ಎತ್ತಿಕೊಂಡು ಹಿಮಕಣಿವೆಗೆ ಸಾಗಿಸಿದ. ಬೆಟ್ಟದಾಚೆಯಿಂದ ಹೊಸ ದಂಪತಿ ಬಂದಿದ್ದಾರೆ ಎಂದ. ಗಂಡ ಬೇಟೆಗಾರ. ಹೆಂಡತಿಯ ತುಪ್ಪಳದ ಕೋಟನ್ನು ಅವಳಿಗೆ ಹೇಳದೆ ಯಾರಿಗೋ ಕೊಟ್ಟು, ಬದಲಿಗೆ ಒಂದು ಕುಂಟು ನಾಯಿ ತಂದಿದ್ದಾನೆ. ಹೆಂಡತಿ ಹೆಂಗಸರ ಕೊಳಕ್ಕೆ ಇಳಿದು ಕೂತಿದ್ದಾಳೆ, ಕೋಟು ಬರುವವರೆಗೆ ನೀರಿನಿಂದ ಮೇಲೆ ಏಳುವುದಿಲ್ಲವಂತೆ.

“ನಾಯಿ ಎಲ್ಲಿದೆ?” ಎಂದರು ಅತ್ತೆ.

“ಗಂಡಸರ ಕೊಳದ ಬಾಗಿಲಲ್ಲಿ, ಅತ್ತೆ. ಗಂಡನ ಜೊತೆ.”

“ಮೊಟ್ಟೆ ಏನಾದ್ರೂ ಕೊಟ್ಟಿರಾ ಅವಳಿಗೆ?”

ಎರಡು ಕೊಟ್ಟೆ ಎಂದ. ಆಮೇಲೆ ಅಡುಗೆಮನೆಗೆ ಬಂದು ತಣ್ಣೀರು ಕುಡಿದ. ಹೇರಾನ್ ಪಾತ್ರೆ ತೊಳೆಯುತ್ತ, ಇನ್ನು ಆ ಹೆಂಗಸನ್ನು ನೀರಿನಿಂದ ಎಬ್ಬಿಸುವುದು ಹೇಗೆ ಅಂತ ಯೋಚನೆ ಮಾಡಿದ್ದೀರಾ ಎಂದು ಕೇಳಿದಳು. ಮಾಡಿರಲಿಲ್ಲ.

ನಾಲ್ಕನೆಯ ದಿನ ಗಂಡ ಬಾಗಿಲಾಚೆಯಿಂದ ಕ್ಷಮೆ ಕೇಳಿದ. ಐದನೆಯ ದಿನ ನಾಯಿ ಹೆಂಗಸರ ಕಡೆಗೆ ನುಗ್ಗಿತು, ಅವಳು ಬೈದಳು, ಆದರೆ ಒದೆಯಲಿಲ್ಲ. ಆರನೆಯ ದಿನ ಕೋಟು ವಾಪಸು ತರಲು ಗಂಡ ಗಾಳಿಮಳೆಯಂಥ ಹಿಮದಲ್ಲಿ ಬೆಟ್ಟ ಹತ್ತಿದ. ಅತ್ತೆ ಈಗ ಎಂಟು ಗಂಟೆಯವರೆಗೆ ಕಾಯುತ್ತಿರಲಿಲ್ಲ, ಏಳೂವರೆಗೇ ಕರೆಯುತ್ತಿದ್ದರು. ಹೀಗೆ ಕೆದಕಿ ಕೆದಕಿ ಕೇಳುವುದೆಲ್ಲ ತನ್ನನ್ನು ಸಿಕ್ಕಿಸಿಹಾಕಲೆಂದೇ ಎಂದುಕೊಂಡು ಮುನ್‌ಸಿಕ್ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಅತ್ತ ಕಣಿವೆಯಲ್ಲಿ ಐದು ಸಂಜೆಯ ದುಡಿಮೆಗೆ ಫಲವಾಗಿ ಎದ್ದು ನಿಂತದ್ದು ಒಂದು ಕೋಣೆ. ಅದರ ಸೂರು ಒಳಮುಖವಾಗಿ ಇಳಿದಿತ್ತು. ಬಾಗಿಲು ತೆರೆದರೆ ಎದುರಿಗೆ ಗೋಡೆ. ಒಣಮೀನು ಅದರ ಸುತ್ತ ಒಂದು ಸುತ್ತು ಬಂದು, ಒಬ್ಬರು ನಿಂತು ಕೈ ತೊಳೆಯಬಹುದು ಎಂದು ಬರೆದ.

ಏಳನೆಯ ದಿನ ಮಧ್ಯಾಹ್ನ ಹೇರಾನ್ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಳು. ತೂತು ಮುಚ್ಚಿದೆ, ನಾಳೆಯಿಂದ ಎದ್ದು ಕೂರಬಹುದು, ಇನ್ನೊಂದು ಕಣ್ಣಿನಲ್ಲಿ ದಿನಕ್ಕೆ ಅರ್ಧ ಗಂಟೆ ಪರದೆಯನ್ನೂ ನೋಡಬಹುದು ಎಂದರಂತೆ ವೈದ್ಯರು. ಆಫೀಸಿನಲ್ಲಿ ಈ ಸುದ್ದಿ ಕೇಳಿದ ಮುನ್‌ಸಿಕ್ ಕುರ್ಚಿಯಲ್ಲಿ ಕುಸಿದ. ಅತ್ತೆಯ ಕಣ್ಣು ಸರಿಯಾಯಿತಲ್ಲ ಎಂದು ಖುಷಿಪಡಬೇಕಾದ ಹೊತ್ತಿನಲ್ಲಿ ತನಗೆ ಅಳು ಬರುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಆ ಸಂಜೆ ಅವನು ಕಂಪ್ಯೂಟರಿನ ಕಡೆ ಹೋಗಲಿಲ್ಲ. ನೇರವಾಗಿ ಒಳಕೋಣೆಗೆ ಹೋದ. ತಪ್ಪೊಪ್ಪಿಕೊಳ್ಳುವವನು ಮುಖ ನೋಡಿ ಒಪ್ಪಿಕೊಳ್ಳಬೇಕು. ಆದರೆ ಅತ್ತೆಯ ಮುಖ ನೆಲದ ಕಡೆಗಿತ್ತು. ಅವರು ದಿಂಬನ್ನು ಎರಡು ಗಿಡ್ಡ ಸ್ಟೂಲುಗಳ ಮೇಲೆ ಅಡ್ಡ ಇಟ್ಟುಕೊಂಡು ಮಲಗಿದ್ದರು. ಮುನ್‌ಸಿಕ್ ಅಂಗಾತ ಮಲಗಿ, ತೆವಳಿಕೊಂಡು, ಸ್ಟೂಲುಗಳ ನಡುವೆ ತಲೆ ತೂರಿಸಿದ. ಮೇಲೆ ತೂತಿನಲ್ಲಿ ಅತ್ತೆಯ ಒಂದು ಕಣ್ಣು, ಅರ್ಧ ಮೂಗು ಕಾಣಿಸಿದವು.

“ಅತ್ತೆ, ಸ್ನಾನದ ಮನೆ ಇಲ್ಲ,” ಎಂದ. “ಮೊದಲನೇ ದಿನವೇ ಸುಟ್ಟುಹೋಯ್ತು. ಸೌದೆ ಒಲೆ ಪಕ್ಕ ಪೇರಿಸಿಟ್ಟೆ. ನಾನೇ ಸುಟ್ಟೆ.”

ಆ ಕಣ್ಣು ಅವನನ್ನೇ ನೋಡಿತು.

“ಕೊಳ?”

“ಎರಡೂ ಇಲ್ಲ, ಅತ್ತೆ.”

“ಮತ್ತೆ ಆ ಗಂಡ ಹೆಂಡತಿ?”

“ಅವರೂ ಇಲ್ಲ. ನಾನೇ ಕಟ್ಟಿ ಹೇಳಿದ್ದು.”

“ನಾಯಿ?”

“ನಾಯಿನೂ ಇಲ್ಲ, ಅತ್ತೆ.”

ಮೇಲಿನಿಂದ ಒಂದು ನಿಟ್ಟುಸಿರು ನೇರವಾಗಿ ಅವನ ಮುಖಕ್ಕೆ ಬಡಿಯಿತು. ಮುನ್‌ಸಿಕ್ ಕಣ್ಣು ಮುಚ್ಚಿಕೊಂಡ. ಬಾಗಿಲಲ್ಲಿ ನಿಂತಿದ್ದ ಹೇರಾನ್ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

“ಇಪ್ಪತ್ತಾರು ವರ್ಷ ನಿಜವಾದ ಸ್ನಾನದ ಮನೆ ನಡೆಸಿದೆ,” ಎಂದರು ಅತ್ತೆ ಕೊನೆಗೆ. “ದಿನಾ ಒಂದು ಜಗಳ, ದಿನಾ ಒಂದು ಕಥೆ. ಅದಕ್ಕೇ ಬೆಳಗ್ಗೆ ಏಳ್ತಿದ್ದೆ ನಾನು. ಈ ಗೇಮಲ್ಲಿ ಏನು ಬೇಕಾದ್ರೂ ಕಟ್ಟಬಹುದು, ಅಳಿಯಂದಿರೇ, ಆದರೆ ಕಟ್ಟಿದಾಗಿನಿಂದ ಜನ ಬರ್ತಾರೆ, ಮೈ ಕಾಯಿಸ್ಕೋತಾರೆ, ಹೋಗ್ತಾರೆ. ಒಬ್ಬರೂ ಒಂದು ಮಾತು ಜಾಸ್ತಿ ಆಡಲ್ಲ. ಮನೆ ಸುಟ್ಟರೆ ಸುಡಲಿ, ಕಲ್ಲಿಗೇನು ಬರವಾ? ಮತ್ತೆ ಕಟ್ತೀನಿ.”

ಮುನ್‌ಸಿಕ್ ಒಂದು ಕಣ್ಣು ತೆರೆದ. ಹದಿನಾರು ವರ್ಷದಲ್ಲಿ ಮೊದಲ ಸಲ ಅತ್ತೆ ಅವನನ್ನು ಆಸೆಯಿಂದ ನೋಡುತ್ತಿದ್ದರು.

“ಅವನು ಕೋಟು ತರೋಕೆ ಬೆಟ್ಟ ಹತ್ತಿದನಲ್ಲ,” ಎಂದರು. “ಆಮೇಲೆ ಏನಾಯ್ತು?”

“ಅತ್ತೆ, ಅದು ನಾನು ಸುಮ್ಮನೆ...”

“ಅದು ಗೊತ್ತಾಯ್ತು. ವಾಪಸು ಬಂದನೋ ಇಲ್ವೋ?”

ಮುನ್‌ಸಿಕ್ ಹೆಂಡತಿಯ ಕಡೆ ಕಣ್ಣು ಹೊರಳಿಸಿದ. ಅವಳಾಗಲೇ ಗೋಡೆಗೆ ಒರಗಿ, ಕಾಲು ಚಾಚಿ ಕೂತಾಗಿತ್ತು.

“ಹೇಳಿ, ಅಳಿಯಂದಿರೇ,” ಎಂದರು ಅತ್ತೆ. “ಎರಡೂ ಕೈ ಹೊಟ್ಟೆ ಮೇಲಿಟ್ಕೊಂಡು ಹೇಳಿ. ನಿಮ್ಮ ಬಾಯಿಗೆ ಏನು ಬೇಕಾದ್ರೂ ಬಿಟ್ಟುಕೊಡ್ತೀನಿ, ಕೈಗೆ ಮಾತ್ರ ಇನ್ನು ಕಡ್ಡಿಪೆಟ್ಟಿಗೆನೂ ಕೊಡಲ್ಲ.”