ಬೆಂಕಿ ಹತ್ತದ ಶಿಶುಮನೆ

ಜುಲೈ ಹದಿನಾಲ್ಕರ ಬೆಳಿಗ್ಗೆ ಹನ್ನೊಂದು ಗಂಟೆಗೆ ನರಸಿಂಹರಾಜಪುರದ ಗಂಗಾಂಬಿಕೆಯವರ ಶಿಶುಮನೆಯಲ್ಲಿ ಬೆಂಕಿ ಹತ್ತಲಿಲ್ಲ. ಈ ಲೋಪವನ್ನು ಕಟ್ಟಡ ಹಾಗೂ ಅಗ್ನಿ ಸುರಕ್ಷತಾ ಕೋಶವು ಗಂಭೀರವಾಗಿ ಪರಿಗಣಿಸಿತು.

ನಿಯಮವೇನೋ ಸರಳ. ಮಾಲೀಕರು ಅಧಿಕಾರಿಯ ಸಮ್ಮುಖದಲ್ಲಿ, ತಮ್ಮ ಅಂಗಳದಲ್ಲಿ, ಕಟ್ಟಡದಲ್ಲೇ ಇರುವ ವಸ್ತುಗಳಿಂದ ಮೂರಡಿ ಎತ್ತರದ ಬೆಂಕಿ ಹಚ್ಚಿ, ಅದನ್ನು ಆರಿಸಿ ತೋರಿಸಬೇಕು. ಆರಿಸಿದರೆ ಪ್ರಮಾಣಪತ್ರ, ಪ್ರಮಾಣಪತ್ರವಿದ್ದರೆ ಬಾಗಿಲು ತೆರೆಯಬಹುದು. ನಿಯಮ ಬರೆದವರು ಬಿಸಿಲೂರಿನವರಂತೆ. ಬೆಂಕಿ ಹತ್ತಿಸುವುದೂ ಒಂದು ಕಷ್ಟ ಅಂತ ಪಾಪ, ಅವರಿಗೆ ಹೊಳೆದಿರಲಿಲ್ಲ.

ಗಂಗಾಂಬಿಕೆ ಮೂವತ್ತು ವರ್ಷ ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು. ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಅಂಗಡಿ, ಹೋಟೆಲುಗಳಲ್ಲಿ ಕೆಲಸ ಮಾಡುವ ಹೆಂಗಸರ ಹನ್ನೆರಡು ಮಕ್ಕಳನ್ನು ಹಗಲು ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಆಗಸ್ಟ್ ಒಂದಕ್ಕೆ ಬಾಗಿಲು ತೆರೆಯದಿದ್ದರೆ ಬೇಕರಿಯ ಅರ್ಪಣಾ ಕೆಲಸ ಬಿಡಬೇಕಿತ್ತು. ಮಕ್ಕಳು ಮಲಗಲಿ ಎಂದು ಒಳಕೋಣೆಯ ನೆಲಕ್ಕೂ ಗೋಡೆಗೂ ಹಲಗೆ ಹೊಡೆಸಿದ್ದರು. ಮಳೆಗಾಲದಲ್ಲಿ ಇಡೀ ಕಟ್ಟಡದಲ್ಲಿ ಗೋಡೆ ಬೆವರದ ಕೋಣೆ ಅದೊಂದೇ. ಅದನ್ನು ದಿನಕ್ಕೆರಡು ಸಲ ಸುಮ್ಮನೆ ನೋಡಿ ಬರುತ್ತಿದ್ದರು, ಅಷ್ಟು ಹೆಮ್ಮೆ ಅವರಿಗೆ.

ಪರೀಕ್ಷೆಯ ದಿನ ಪುನರ್ವಸು ಮಳೆ ಹಿಡಿದು ಬಾರಿಸುತ್ತಿತ್ತು. ಗಂಡ ಶಾಂತವೀರಪ್ಪ ಕೊಡೆ ಹಿಡಿದು ನಿಂತರು. ಗಂಗಾಂಬಿಕೆ ಹಳೇ ಪೇಪರು, ಚಾಪೆ, ಮುರಿದ ಕುರ್ಚಿ ಎಲ್ಲ ಒಟ್ಟಿ, ಆರು ಬೆಂಕಿಪೊಟ್ಟಣ ಮುಗಿಸಿ, ಊದುಕೊಳವೆಯಲ್ಲಿ ಊದಿ ಊದಿ ಸುಸ್ತಾದರು. ಬರೀ ಹೊಗೆ.

"ಹೊಗೆ ನಿಯಮದಲ್ಲಿಲ್ಲಮ್ಮ," ಅಂದರು ಅಧಿಕಾರಿ ಸುಂದರೇಶ್.

"ಸರ್, ಹತ್ತೋದೇ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?"

"ಹತ್ತದ ಬೆಂಕೀನ ಆರಿಸೋದು ಹೇಗೆ? ಆರಿಸದೆ ಸುರಕ್ಷತೆ ಎಲ್ಲಿಂದ ಬರುತ್ತೆ?"

"ಎರಡು ಲೋಟ ಸೀಮೆಎಣ್ಣೆ ಹುಯ್ಯಲಾ ಸರ್?" ಅಂದರು ಶಾಂತವೀರಪ್ಪ.

"ಹೊರಗಿನ ಇಂಧನ ನಿಷಿದ್ಧ. ಅದು ಮೋಸ."

ಸುಂದರೇಶ್ ಲಂಚ ಮುಟ್ಟುವವರಲ್ಲ, ಅದೇ ದೊಡ್ಡ ತೊಂದರೆ. "ಸದರಿ ಕಟ್ಟಡವು ಉರಿಯಲು ಅಸಮರ್ಥವಾಗಿದೆ" ಎಂದು ಬರೆದು, ಸೀಲು ಒತ್ತಿ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಗಂಗಾಂಬಿಕೆ ಸುಮ್ಮನೆ ಕೂರುವವರಲ್ಲ. ನಮ್ಮೂರ ಹವೆಗೆ ತಕ್ಕಂತೆ ನಿಯಮ ಬದಲಾಯಿಸಿ ಎಂದು ಅರ್ಜಿ ಹಾಕಿದರು. ಆಶ್ಚರ್ಯವೆಂದರೆ ಮೂವರ ಸಮಿತಿ ನಾಲ್ಕೇ ದಿನದಲ್ಲಿ ಬಂತು. ಮೂವರ ಕೊಡೆಯೂ ಮಗುಚಿಕೊಂಡಿತು, ಬೂಟಿನಲ್ಲಿ ನೀರು ತುಂಬಿತು. "ಹೌದು, ಇಲ್ಲಿ ಮಳೆ ಇದೆ," ಎಂದು ಸಮಿತಿ ಒಮ್ಮತದಿಂದ ಒಪ್ಪಿತು. ಹತ್ತು ದಿನದೊಳಗೆ ಸುತ್ತೋಲೆ ಹೊರಟಿತು:

"ಅತಿವೃಷ್ಟಿ ಪ್ರದೇಶದ ಕಟ್ಟಡಗಳಲ್ಲಿ ಬೆಂಕಿಗೆ ಸೂಕ್ತ ವಾತಾವರಣ ಇಲ್ಲದಿರುವುದರಿಂದ ಮಾಲೀಕರೇ ಅದಕ್ಕೆ ಅನುಕೂಲ ಕಲ್ಪಿಸತಕ್ಕದ್ದು. ಕಟ್ಟಡದ ಅತ್ಯಂತ ಒಣ ಕೊಠಡಿಯಲ್ಲಿ ಕಟ್ಟಿಗೆ, ತರಗೆಲೆ ಹಾಗೂ ಹುಲ್ಲನ್ನು ಸದಾ ಸಿದ್ಧವಿಡತಕ್ಕದ್ದು. ಹಗಲಿರುಳು ಬಲ್ಬು ಉರಿಸತಕ್ಕದ್ದು. ಉಸಿರಿನಿಂದ ತೇವಾಂಶ ಉಂಟಾಗುವ ಕಾರಣ ಉಸಿರಾಡುವವರು ಸದರಿ ಕೊಠಡಿಯಲ್ಲಿ ತಂಗತಕ್ಕದ್ದಲ್ಲ."

ಶಾಂತವೀರಪ್ಪ ಎರಡು ಸಲ ಓದಿದರು. "ನೀನು ಕೇಳಿದ್ದನ್ನೇ ಕೊಟ್ಟಿದಾರಲ್ಲ ಮಾರಾಯ್ತಿ!"

ಗಂಗಾಂಬಿಕೆಗೆ ಅಳು ಬಂತು. ಒಳಕೋಣೆಯ ಬಾಗಿಲಲ್ಲಿ ನಿಂತು ಅತ್ತರು. ಕಣ್ಣೊರೆಸಿಕೊಂಡು, ಒಂದು ಗಾಡಿ ಒಣಕಟ್ಟಿಗೆಗೆ ಫೋನು ಮಾಡಿದರು. ಹನ್ನೆರಡು ಪುಟ್ಟ ಹಾಸಿಗೆಗಳು ಎರಚಲು ಹೊಡೆಯುವ ಜಗಲಿಗೆ ಬಂದವು.

ಜುಲೈ ಮೂವತ್ತರಂದು ಅದೇ ಕಟ್ಟಿಗೆಯ ಒಂದು ಹೊರೆ ಅಂಗಳದಲ್ಲಿ ಭಗ್ ಎಂದು ನಾಲ್ಕಡಿ ಎತ್ತರಕ್ಕೆ ಉರಿಯಿತು. ಸುಂದರೇಶರ ಮುಖ ಅರಳಿತು. ಗಂಗಾಂಬಿಕೆ ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ಮಳೆಯೇ ಬೆಂಕಿ ಆರಿಸಿಬಿಟ್ಟಿತು.

"ಸರ್, ನಾನಲ್ಲ ಆರಿಸಿದ್ದು..."

"ನಿಮ್ಮ ಅಂಗಳದ ಮಳೆ ನಿಮ್ಮದೇ ಅಮ್ಮಾ," ಎನ್ನುತ್ತ ಅವರು ಬರೆದುಕೊಂಡರು: "ನಂದಿಸುವ ವ್ಯವಸ್ಥೆ: ಅತ್ಯುತ್ತಮ."

ಆಗಸ್ಟ್ ಒಂದಕ್ಕೆ ಶಿಶುಮನೆ ತೆರೆಯಿತು. ಅರ್ಪಣಾಳ ಕೆಲಸ ಉಳಿಯಿತು. ಕೊಪ್ಪ, ಶೃಂಗೇರಿಯಿಂದೆಲ್ಲ ಜನ ಬಂದು ಮಾದರಿ ಕೊಠಡಿಯನ್ನು ಹೊಸಿಲಾಚೆಯಿಂದ ನೋಡಿ, "ಎಷ್ಟು ಬೆಚ್ಚಗಿದೆ ಮಾರಾಯ್ರೆ!" ಎಂದು ತಲೆದೂಗಿದರು. ಜಗಲಿಯಲ್ಲಿ ಮಕ್ಕಳು ಸರದಿಯ ಮೇಲೆ ಸೀನಿದವು.

ಒಂದು ಸಂಜೆ ಅರ್ಪಣಾ ಮಗಳ ಒದ್ದೆ ಸ್ವೆಟರು ಹಿಡಿದು ಬಂದಳು. "ಅಮ್ಮಾ, ಮೂರು ದಿನದಿಂದ ಒಣಗ್ತಿಲ್ಲ. ಆ ಕೋಣೇಲಿ ಹತ್ತು ನಿಮಿಷ ಹಾಕ್ಲಾ?"

"ಬ್ಯಾಡ ಕಣೆ," ಅಂದರು ಗಂಗಾಂಬಿಕೆ, ಗಾಬರಿಯಿಂದ. "ಕಟ್ಟಿಗೆಗೆ ಥಂಡಿ ಆಗುತ್ತೆ. ನಾಳೆ ಸುಂದರೇಶ್ ಸರ್ ತಪಾಸಣೆಗೆ ಬರ್ತಾರೆ."

ಅರ್ಪಣಾಗೂ ಅದು ಸರಿಯೆನಿಸಿತು. ತಪ್ಪಾಯಿತು ಎಂದು ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಮಗಳು ಬಾಗಿಲ ಸಂದಿಯಲ್ಲಿ ಇಣುಕಿ, ತುಟಿಯ ಮೇಲೆ ಬೆರಳಿಟ್ಟು, "ಶ್... ಕಟ್ಟಿಗೆ ಮಲಗಿದೆ," ಅಂದಳು.

ಗಂಗಾಂಬಿಕೆ ಜಗಲಿಯಿಂದ ಒಂದು ಪುಟ್ಟ ಕಂಬಳಿ ತಂದು, ಉಸಿರು ಬಿಗಿಹಿಡಿದು ಒಳಗೆ ಹೋಗಿ, ಕಟ್ಟಿಗೆಗೆ ಹೊದಿಸಿ ಬಂದರು.